ಸಂದರ್ಶನದಲ್ಲಿ ಉಪಚಾರ

ಹೋದ ವರ್ಷ ಮೇ ತಿಂಗಳ ಕೊನೆಗೆ ನನ್ನ ಡೈರಿಯಲ್ಲಿದ್ದ ಲೆಕ್ಕ ಹೀಗಿತ್ತು: ಪ್ರಾಧ್ಯಾಪಕರಿಗೆ ಕಳಿಸಿದ ಇ-ಮೇಲ್ ನಲವತ್ತೊಂದು, ಬಂದ ಉತ್ತರ ಹನ್ನೆರಡು. ಹನ್ನೆರಡರಲ್ಲಿ ಐದನ್ನು ಬರೆದದ್ದು ಪ್ರಾಧ್ಯಾಪಕರಲ್ಲ, ಅವರು ರಜೆಯಲ್ಲಿದ್ದಾರೆಂದು ತಿಳಿಸುವ ಅವರ ಕಂಪ್ಯೂಟರುಗಳು. ಎಲ್ಲಕ್ಕಿಂತ ಸೌಜನ್ಯದ ಉತ್ತರ ಅವುಗಳದ್ದೇ. ಯಾವಾಗ ಮತ್ತೆ ಬರೆಯಬೇಕೆಂದಾದರೂ ಹೇಳಿದ್ದವು. ನಾಲ್ವರು ಸೀಟು ಭರ್ತಿಯಾಗಿದೆ ಎಂದಿದ್ದರು. ಇಬ್ಬರು ಶುಭವಾಗಲಿ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. ಉಳಿದ ಒಬ್ಬರು, ನಾನು ಕಳಿಸಿದ್ದು ತಲುಪಿದೆ, ಆದರೆ ಅದನ್ನು ತೆರೆಯಲು ಆಗುತ್ತಿಲ್ಲ, ತೆರೆದರೂ ತಮಗೆ ಆಸಕ್ತಿ ಇರಲಾರದು ಎಂದು ವಿವರವಾಗಿ ಬರೆದಿದ್ದರು.

ನನಗೆ ಫೆಲೋಶಿಪ್ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಅದು ಇತ್ತು. ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಸಂಪಾದಿಸಿದ್ದೆ. ಆದರೆ ಅದು ಕೈಗೆ ಬರಬೇಕಾದರೆ ಯಾರಾದರೂ ಮಾರ್ಗದರ್ಶಕರು ನನ್ನನ್ನು ಪಿಎಚ್.ಡಿ.ಗೆ ಸೇರಿಸಿಕೊಳ್ಳಬೇಕು. ಗೊತ್ತಾದ ಅವಧಿಯೊಳಗೆ ಯಾರೂ ಸೇರಿಸಿಕೊಳ್ಳದಿದ್ದರೆ ಅದು ರದ್ದು. ಮಂಟಪ, ಅಡುಗೆ, ವಾಲಗ ಎಲ್ಲವನ್ನೂ ಸರ್ಕಾರವೇ ಗೊತ್ತು ಮಾಡಿ, ವರನನ್ನು ಮಾತ್ರ ನೀನೇ ಹುಡುಕಿಕೋ ಎಂದ ಹಾಗೆ. ನನ್ನ ಅವಧಿ ಆ ಜುಲೈ ಕೊನೆಗೆ ಮುಗಿಯುತ್ತಿತ್ತು. ಮುಗಿದರೆ ಹೊಸನಗರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿಯೇ ಇರಬೇಕು. ನಾಲ್ಕು ವರ್ಷದಿಂದ ಅಲ್ಲೇ ಇದ್ದರೂ ನಾನು ಅತಿಥಿಯೇ.

ನಾನು ಆರಿಸಿಕೊಂಡ ವಿಷಯ ಅಪ್ಪೆಮಿಡಿ. ನಮ್ಮ ಕಡೆ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಮಾವು ಅದು. ಎಳೆಯ ಕಾಯಿಯನ್ನು ಉಪ್ಪಿನಕಾಯಿಗೆ ಹಾಕುತ್ತಾರೆ. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ. ವರದಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಜನ ಮರಗಳನ್ನು ಹೆಸರಿಟ್ಟು ಗುರುತಿಸುತ್ತಾರೆ. ಎಂ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನನಗೆ, ಈ ಪರಿಮಳಗಳು ಏಕೆ ಬೇರೆ ಬೇರೆ ಎಂಬುದು ಕೇಳತಕ್ಕ ಪ್ರಶ್ನೆ ಎನಿಸಿತ್ತು.

ಇ-ಮೇಲ್ ಬಿಟ್ಟು, ಪ್ರಕಟಣೆ ನೋಡಿ ಅರ್ಜಿ ಹಾಕತೊಡಗಿದೆ. ಮೊದಲ ಸಂದರ್ಶನ ಒಂದು ವಿಶ್ವವಿದ್ಯಾಲಯದಲ್ಲಿ ನಡೆಯಿತು. ಬೆಳಿಗ್ಗೆ ಹತ್ತಕ್ಕೆ ಬರಹೇಳಿ ಮಧ್ಯಾಹ್ನ ಮೂರೂಕಾಲಿಗೆ ಒಳಗೆ ಕರೆದರು. ಮೂವರಿದ್ದರು. ಒಬ್ಬರು ಮೊಬೈಲ್ ನೋಡುತ್ತಿದ್ದರು, ಒಬ್ಬರು ನನ್ನನ್ನು ನೋಡುತ್ತಿದ್ದರು, ಮೂರನೆಯವರು ಗಡಿಯಾರ ನೋಡುತ್ತಿದ್ದರು.

“ಉಪ್ಪಿನಕಾಯಿ ಮೇಲೆ ಪಿಎಚ್.ಡಿ.ನಾ?” ಎಂದರು ನನ್ನನ್ನು ನೋಡುತ್ತಿದ್ದವರು.

“ಮಾವಿನ ಮೇಲೆ, ಸರ್.”

“ಕಡೆಗೆ ಉಪ್ಪಿನಕಾಯೇ ತಾನೆ ಆಗೋದು?”

ಕಡೆಗೆ ನಾವೆಲ್ಲ ಏನಾಗುತ್ತೇವೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮೊಬೈಲ್‌ನವರು ತಲೆಯೆತ್ತಿ, ಇದರಲ್ಲಿ ಹವಾಮಾನ ಬದಲಾವಣೆಯನ್ನು ಸೇರಿಸಬಹುದಲ್ಲ ಎಂದರು. ಗಡಿಯಾರದವರು, ಕೃತಕ ಬುದ್ಧಿಮತ್ತೆಯನ್ನೂ ಸೇರಿಸಬಹುದು ಎಂದರು. ನನ್ನ ಮಾವಿನ ಮರಕ್ಕೆ ಎರಡನ್ನೂ ಕಸಿ ಕಟ್ಟಿಕೊಂಡು ಹೊರಬಂದೆ. ಸೀಟು ಅದೇ ವಿಭಾಗದಲ್ಲಿ ಓದಿದ ಹುಡುಗನಿಗೆ ಹೋಯಿತು. ಹೊರಗೆ ಕಾಯುವಾಗ ಅವನೇ ನಮಗೆಲ್ಲ ಶೌಚಾಲಯ ಎಲ್ಲಿದೆಯೆಂದು ತೋರಿಸಿದ್ದ. ಅಷ್ಟು ಸ್ಥಳಜ್ಞಾನ ಇದ್ದವನಿಗೆ ಕೊಡುವುದು ನ್ಯಾಯವೇ.

ಎರಡನೆಯ ಸಂದರ್ಶನ ಒಂದು ಸಂಶೋಧನಾ ಸಂಸ್ಥೆಯದು, ಆನ್‌ಲೈನ್. ಜೂನ್ ತಿಂಗಳ ಒಂದು ಶನಿವಾರ. ಹೊಸನಗರದ ನನ್ನ ಬಾಡಿಗೆ ಕೋಣೆಯಲ್ಲಿ ನೆಟ್‌ವರ್ಕ್ ಬರುವುದು ಸ್ನಾನದ ಮನೆಯ ಕಿಟಕಿಯ ಬಳಿ ಮಾತ್ರ. ನಮ್ಮ ಕಾಲೇಜಿನಲ್ಲೇ ಇತಿಹಾಸ ಹೇಳುವ ಗೆಳತಿ, ತೀರ್ಥಹಳ್ಳಿ ಗೌಡರ ಮನೆಯವಳು, “ನಮ್ಮನಿಗೆ ಬಾ ಮಾರಾಯ್ತಿ, ವೈಫೈ ಇದೆ. ಬಚ್ಚಲಲ್ಲಿ ನಿಂತು ಡಾಕ್ಟರ್ ಆಗೋಕೆ ಹೋಗ್ಬೇಡ” ಎಂದು ಕರೆದುಕೊಂಡು ಹೋದಳು. ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಕ್ಯಾಮೆರಾಕ್ಕೆ ಕಾಣದ ಹಾಗೆ ಮಂಚದ ಮೂಲೆಯಲ್ಲಿ ತಾನೂ ಕೂತಳು.

ಈ ಸಲ ಎಲ್ಲವೂ ಅನುಮಾನ ಬರುವಷ್ಟು ಚೆನ್ನಾಗಿ ನಡೆಯಿತು. ಸಂದರ್ಶನ ನಡೆಸಿದ ಮೇಡಂ ನಾನು ಬರೆದು ಕಳಿಸಿದ್ದನ್ನು ಓದಿಯೇ ಬಂದಿದ್ದರು. ಇಂಥದ್ದು ನಡೆಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಎಲೆಯ ಎಣ್ಣೆಯ ಬಗ್ಗೆ ಕೇಳಿದರು, ಹೊಳೆಯ ಬಗ್ಗೆ ಕೇಳಿದರು, ಮರಗಳಿಗೆ ಹೆಸರಿಟ್ಟವರು ಯಾರೆಂದು ಕೇಳಿದರು. ಮುಕ್ಕಾಲು ಗಂಟೆಯ ನಂತರ ಕನ್ನಡಕ ತೆಗೆದಿಟ್ಟು ಹೇಳಿದರು:

“ನನ್ನ ಲ್ಯಾಬಲ್ಲಿ ಇರೋದು ಒಂದೇ ಸೀಟು. ಅದನ್ನ ನಿಮಗೆ ಕೊಟ್ರೆ ತಗೋತೀರಾ?”

ಇಲ್ಲಿ ನಮ್ಮ ಮನೆಗಳ ಪದ್ಧತಿಯೊಂದನ್ನು ಹೇಳಬೇಕು. ಯಾರದೇ ಮನೆಗೆ ಹೋದಾಗ ಕುಡಿಯಲು ಏನಾದರೂ ಕೊಡುತ್ತೇವೆಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ, ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಮೂರನೆಯ ಸಲ ಅವರು ಲೋಟ ಹಿಡಿದೇ ಬರುತ್ತಾರೆ. ಆಗ ನಿಮ್ಮ ಒತ್ತಾಯಕ್ಕೆ ಎಂದು ಕುಡಿಯಬೇಕು. ಬಾಯಾರಿ ಗಂಟಲು ಒಣಗಿದ್ದರೂ ಇದೇ ಕ್ರಮ. ಒಮ್ಮೆಗೇ ಹೂಂ ಎಂದವರ ಬಗ್ಗೆ ಅವರು ಹೋದ ಮೇಲೆ ಮಾತಾಡಿಕೊಳ್ಳುತ್ತಾರೆ. ಇಪ್ಪತ್ತೇಳು ವರ್ಷ ಈ ಶಿಸ್ತಿನಲ್ಲಿ ಬೆಳೆದ ನನ್ನ ಬಾಯಿ, ನನ್ನನ್ನು ಕೇಳದೆ ಉತ್ತರ ಕೊಟ್ಟುಬಿಟ್ಟಿತು:

“ಅಯ್ಯೋ, ನನಗೇ ಕೊಡಬೇಕು ಅಂತೇನಿಲ್ಲ ಮೇಡಂ. ಬೇರೆ ಯಾರಿಗಾದರೂ ಹೆಚ್ಚು ಅಗತ್ಯ ಇದ್ದರೆ ಅವರಿಗೇ ಕೊಡಿ. ನನಗೆ ಏನೂ ತೊಂದರೆ ಇಲ್ಲ.”

ಹೇಳಿ ನಗುತ್ತ ಕೂತೆ. ಎರಡನೆಯ ಸಲ ಕೇಳಲಿ ಎಂದು ಕಾದೆ.

ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಓಕೆ. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ತುಂಬಾ ಜನ ಹೇಳೋದಿಲ್ಲ” ಎಂದರು. ಪರದೆಯ ಮೇಲೆ ಅವರಿದ್ದ ಚೌಕ ಮಾಯವಾಗಿ ನನ್ನ ನಗುಮುಖ ಒಂದೇ ಉಳಿಯಿತು.

ಗೆಳತಿ ಮಂಚದಿಂದ ಇಳಿದು ನನ್ನೆದುರು ಬಂದು ನಿಂತಳು.

“ಏನ್ ಹೇಳ್ದೆ ನೀನೀಗ?”

“ಉಪಚಾರಕ್ಕೆ ಹಾಗಂದೆ.”

“ಎಂತ ಮಾರಾಯ್ತಿ ನೀನು! ಅದೇನು ಕೇಸರಿಬಾತಾ, ಇನ್ನೊಂದ್ ಸುತ್ತು ಬಡ್ಸೋಕ್ ಬರ್ತಾರೆ ಅಂತ ಎಲೆ ಮುಂದೆ ಕೂರೋಕೆ?”

“ಮತ್ತೆ ಕೇಳ್ತಾರೆ ಅಂದ್ಕೊಂಡೆ.”

“ಹೂಂ, ಕೇಳ್ತಾರೆ. ಅರಿಶಿನ ಕುಂಕುಮ ಹಿಡ್ಕೊಂಡ್ ಬಸ್ ಹತ್ತಿ ಬರ್ತಾರೆ, ಇರು!”

ಹೊಸನಗರಕ್ಕೆ ಮರಳಲು ತೀರ್ಥಹಳ್ಳಿಯಲ್ಲಿ ಸಾಗರದ ಬಸ್ಸಿಗೆ ಕಾಯುತ್ತ ಅಮ್ಮನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

“ಸರಿಯಾಗೇ ಹೇಳಿದ್ಯಲೆ ಕೂಸೆ” ಎಂದಳು ಅಮ್ಮ. “ಒಂದೇ ಸಲಕ್ಕೆ ಹೂಂ ಹೇಳಿಬಿಟ್ರೆ ಅವು ಎಂತ ತಿಳ್ಕತ್ತ? ಇನ್ನೊಂದ್ಸಲ ಕೇಳ್ತ, ತಡಿ.”

“ಕೇಳ್ತ್ವಿಲ್ಲೆ ಅಮ್ಮ. ಅಲ್ಲಿ ಹಂಗೆಲ್ಲ ಇಲ್ಲೆ.”

ಅಮ್ಮ ಬಿಡಲಿಲ್ಲ. “ಹಂಗಾರೆ ಅವಕ್ಕೆ ಉಪಚಾರ ಗೊತ್ತಿಲ್ಲೆ. ಅಂಥವ್ರ ಕೈಕೆಳಗೆ ಇಪ್ಪದೂ ಕಷ್ಟವೇ ಬಿಡು.”

ಸೋಮವಾರ ಗೆಳತಿ ಸ್ಟಾಫ್ ರೂಮಿನಲ್ಲಿ ನನ್ನನ್ನು ಕೂರಿಸಿ ಮೇಡಂಗೆ ಮೇಲ್ ಬರೆಸಿದಳು. ನನ್ನ ಮೊದಲ ಕರಡು, ತಮಗೆ ಅನಾನುಕೂಲವಾಗದಿದ್ದಲ್ಲಿ ಎಂದು ಶುರುವಾಗಿ, ತಮ್ಮ ಅಮೂಲ್ಯ ಸಮಯದ ಬಗ್ಗೆ ಎರಡು ಪ್ಯಾರಾ ನಡೆದು, ಸೀಟಿನ ವಿಷಯಕ್ಕೆ ಬರುವ ಮೊದಲೇ ಮುಗಿದಿತ್ತು. ಅವಳು ಅದನ್ನು ಅಳಿಸಿದಳು. ಎರಡನೆಯದರಲ್ಲಿ ಸೀಟು ಬಂದಿತ್ತು. ಆದರೆ ಅದು ಬೇಕೆಂದು ಎಲ್ಲೂ ಇರಲಿಲ್ಲ. ಅದನ್ನೂ ಅಳಿಸಿದಳು. ಕೊನೆಗೆ ಉಳಿದದ್ದು ಮೂರು ಸಾಲು: ನಾನು ಹಾಗೆ ಹೇಳಬಾರದಿತ್ತು. ನಮ್ಮ ಕಡೆಯ ಸಂಕೋಚ ಅದು. ನನಗೆ ಈ ಸೀಟು ಬೇಕು. ಓದಿದರೆ ನನಗೇ ನಾಚಿಕೆಯಾಗುವಂತಿತ್ತು. ಕಳಿಸು ಗುಂಡಿಯನ್ನು ಅವಳೇ ಒತ್ತಿದಳು.

ಉತ್ತರ ನಾಲ್ಕನೆಯ ದಿನ ಬಂತು. ಮೇಡಂ ಬರೆದಿದ್ದರು: ಸೀಟನ್ನು ಎರಡನೆಯ ಅಭ್ಯರ್ಥಿಗೆ ಕೊಟ್ಟಾಗಿದೆ, ಅವರು ಅದೇ ದಿನ ಒಪ್ಪಿದ್ದಾರೆ. ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿರುವ ತಮ್ಮ ಸ್ನೇಹಿತರೊಬ್ಬರ ಬಳಿ ಸೀಟು ಖಾಲಿ ಇರಬಹುದು, ಅವರಿಗೆ ನನ್ನ ವಿಷಯ ತಿಳಿಸಿದ್ದಾರೆ. ಕೊನೆಯ ಸಾಲು ಹೀಗಿತ್ತು: ಅವರು ಕೇಳಿದರೆ ದಯವಿಟ್ಟು ನಿಮಗೆ ಬೇಕಾದದ್ದನ್ನೇ ಹೇಳಿ.

ಆಮೇಲೆ ಜುಲೈ ಬಂತು. ಫೋನ್ ಬರಲಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗಲೂ ಮೊಬೈಲನ್ನು ಮೇಜಿನ ಮೇಲಿಟ್ಟುಕೊಳ್ಳುತ್ತಿದ್ದೆ. ಮೊಬೈಲ್ ತಂದವರನ್ನು ಹೊರಗೆ ಕಳಿಸುವ ಜವಾಬ್ದಾರಿಯೂ ನನ್ನದೇ ಆಗಿದ್ದರಿಂದ ಮಕ್ಕಳಿಗೆ ಬಹಳ ಖುಷಿಯಾಗಿತ್ತು. ತಿಂಗಳು ಮುಗಿಯಲು ಒಂಬತ್ತು ದಿನ ಇದ್ದಾಗ, ಹೊಸನಗರ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಅದು ಬಡಿದುಕೊಂಡಿತು.

“ನಮಸ್ಕಾರ. ನಮ್ಮಲ್ಲೊಂದು ಸೀಟಿದೆ, ಅದನ್ನ ನೀವು…”

“ಬೇಕು ಸರ್.”

“ಪೂರ್ತಿ ಕೇಳಿ ಮೊದಲು.”

“ಕೇಳ್ತೀನಿ ಸರ್. ಬೇಕು.”

“ಟಾಪಿಕ್ ಏನು ಅಂತ ನಾನಿನ್ನೂ ಹೇಳೇ ಇಲ್ಲ.”

“ಹೇಳಿ ಸರ್.”

“ಅಕೇಶಿಯಾ ಪ್ಲಾಂಟೇಶನ್ ಇರುತ್ತಲ್ಲ, ಅದರ ಮಣ್ಣಲ್ಲಿರೋ ಫಂಗಸ್. ಪ್ರಾಜೆಕ್ಟ್ ಈಗಾಗಲೇ ಸ್ಯಾಂಕ್ಷನ್ ಆಗಿದೆ.”

ನಮ್ಮ ಗುಡ್ಡಗಳ ಕಾಡು ಕಡಿದು ನೆಟ್ಟ ಮರ ಅಕೇಶಿಯಾ. ಅದರ ಕೆಳಗೆ ಹುಲ್ಲೂ ಹುಟ್ಟುವುದಿಲ್ಲ, ದನವೂ ಆ ಕಡೆ ಹೋಗುವುದಿಲ್ಲ. ಊರಿನಲ್ಲಿ ಬಾವಿ ಬತ್ತಿದರೂ, ಸೊಪ್ಪು ಸಿಗದಿದ್ದರೂ ಬೈಸಿಕೊಳ್ಳುವುದು ಅದೇ. ನಮ್ಮ ಹೊಳೆಯ ದಂಡೆಯಲ್ಲಿ ಎರಡು ಅಪ್ಪೆ ಮರ ಹೋದದ್ದೂ ಅದನ್ನು ನೆಡುವಾಗಲೇ.

“ಹಲೋ? ಇದೀರಾ?”

“ಇದೀನಿ ಸರ್.”

“ನೀವು ಮಾವಿನ ಮೇಲೇನೋ ಮಾಡ್ಬೇಕು ಅಂತಿದ್ರಂತೆ. ಅದಕ್ಕೆ ನಮ್ಮಲ್ಲಿ ಆಗಲ್ಲ. ಯೋಚ್ನೆ ಮಾಡಿ ಹೇಳ್ತೀರಾ?”

ಯೋಚಿಸಲು ಒಂಬತ್ತು ದಿನ ಇತ್ತು. ಒಂಬತ್ತು ದಿನ ಯೋಚಿಸಿದರೆ ಫೆಲೋಶಿಪ್ಪೂ ಇರುವುದಿಲ್ಲ, ಯೋಚಿಸುವ ಕಾರಣವೂ ಇರುವುದಿಲ್ಲ.

“ಯೋಚ್ನೆ ಆಯ್ತು ಸರ್,” ಎಂದೆ. “ಬೇಕು.”

ಅವಧಿ ಮುಗಿಯಲು ಎರಡು ದಿನ ಇರುವಾಗ ನೋಂದಣಿ ಆಯಿತು. ಗೆಳತಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದಳು. ಅತಿಥಿಯೊಬ್ಬಳು ಕೊನೆಗೂ ಹೊರಡುತ್ತಿದ್ದಾಳೆಂದು ಪ್ರಾಂಶುಪಾಲರು ಎರಡು ತುಂಡು ತೆಗೆದುಕೊಂಡರು.

ಈಗ ತಿಂಗಳಿಗೊಮ್ಮೆ ಮಾಸ್ತಿಕಟ್ಟೆ ಕಡೆಯ ಅಕೇಶಿಯಾ ತೋಪಿಗೆ ಹೋಗಿ ಮಣ್ಣು ಅಗೆದು, ಚೀಲಕ್ಕೆ ತುಂಬಿ, ಚೀಟಿ ಅಂಟಿಸಿ ತರುತ್ತೇನೆ. ಹೋದ ವಾರ ಚೀಲಗಳ ಸಮೇತ ಊರಿಗೆ ಹೋಗಿದ್ದೆ. ಅಮ್ಮ ಜಗಲಿಯಲ್ಲಿ ಮಿಡಿಮಾವಿನ ತೊಟ್ಟು ಮುರಿಯುತ್ತಿದ್ದಳು. ಚೀಲದೊಳಗೆ ಇಣುಕಿ ನೋಡಿ ಕೇಳಿದಳು:

“ಅಕೇಶಿಯಾ ಹೋಗ್ಸಲೆ ಎಂತಾರೂ ಮದ್ದು ಕಂಡು ಹಿಡಿತ್ಯನೆ?”

“ಇಲ್ಲೆ ಅಮ್ಮ. ಅದು ಅಷ್ಟು ಚಲೋ ಹೆಂಗೆ ಬೆಳಿತು ಹೇಳಿ ನೋಡದು.”

ಅಮ್ಮ ಎದುರಿನ ಗುಡ್ಡದ ಕಡೆ ಕೈ ತೋರಿಸಿದಳು. “ಚಲೋ ಬೆಳಿತಾ ಇದ್ದು ಹೇಳದು ಎಂಗೆ ಇಲ್ಲಿಂದನೇ ಕಾಣ್ತು. ಅದ್ಕೆ ಐದು ವರ್ಷ ಬೇಕನೆ?”

ಈ ಪ್ರಶ್ನೆಗೆ ಉತ್ತರ ಬರೆಯಲಿಕ್ಕೇ ಸರ್ಕಾರ ನನಗೆ ಫೆಲೋಶಿಪ್ ಕೊಡುತ್ತಿದೆ. ಕೊಡಲಿದೆ ಎನ್ನುವುದು ಹೆಚ್ಚು ಸರಿ. ಮೊದಲ ಕಂತು ಇನ್ನೂ ಬಂದಿಲ್ಲ.