ಟ್ರಂಕಿನ ಕೀಲಿ ಹಿಡಿದ ಪ್ರೋಟೀನು

ನನ್ನ ಮಮ್ಮಗಳು ಚಿಕ್ಕೋಡಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಸೋಯಾಬೀನ್ ಬಿತ್ತುವ ಹೊತ್ತಿಗೆ ಒಂದು ಕರಿ ಪುಡಿಯ ಪಾಕೀಟು ತಂದಳು. ಅದರೊಳಗೆ ಬ್ಯಾಕ್ಟೀರಿಯಾ. ಬೇರಿಗೆ ಗಂಟು ಕಟ್ಟಿ, ಗಾಳಿಯಿಂದ ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದಂತೆ. ಗಂಟಿದ್ದ ಗಿಡ ಕಾಲೇಜಿಗೆ ಒಯ್ದು ತೋರಿಸಿದರೆ ಮಾರ್ಕ್ಸು.

ಬೆಲ್ಲದ ನೀರಿನಲ್ಲಿ ಪುಡಿ ಕಲಸಿ, ಬೀಜಕ್ಕೆ ಹಚ್ಚಿ, ಎರಡು ಮೊರದಲ್ಲಿ ಹರವಿದಳು. "ಆಯಿ, ನೆರಳಾಗ ಆರಲಿ" ಅಂದು ಒಳಗೆ ಹೋದಳು. ಬಿಸಿಲು ಕಾಣದೆ ಬೀಜ ಆರುವುದುಂಟೆ? ಒಂದು ಮೊರ ಎತ್ತಿ ಅಂಗಳದ ಬಿಸಿಲಿಗಿಟ್ಟೆ. ಅವಳಿಗೆ ಹೇಳಲಿಲ್ಲ. ನೆರಳಿನ ಬೀಜ ನಡುವಿನ ಸಾಲಿಗೆ, ಬಿಸಿಲಿನದು ಬದುವಿನ ಕಡೆಯ ಸಾಲಿಗೆ ಬಿತ್ತು.

ನಾಗರಪಂಚಮಿಗೆ ಊರಿಗೆ ಬಂದವಳು ಗಿಡ ಕೀಳಲು ನನ್ನನ್ನೂ ಹೊಲಕ್ಕೆ ಕರೆದೊಯ್ದಳು. ದಾರಿಯಲ್ಲಿ ಪಾಠ ಒಪ್ಪಿಸಿದಳು.

"ಗಂಟ ಕಟ್ಟೂ ಜೀನ್ ಬ್ಯಾಕ್ಟೀರಿಯಾದ ಹೊಟ್ಟ್ಯಾಗ ಐತಿ, ಖರೆ ಸುಮ್ನ ಬಿದ್ದಿರತೈತಿ. ಅದರ ಮ್ಯಾಲ ಒಂದ್ ಪ್ರೋಟೀನ್ ಕುಂತಿರತೈತಿ. ಸೋಯಾಬೀನ್ ಬೇರಿನ ವಾಸನಿ ಬಂದ್ರನ ಅದು ಜೀನಿಗೆ ಕೆಲಸ ಹಚ್ಚತೈತಿ."

"ಅಂದ್ರ ನಮ್ಮತ್ತಿ" ಅಂದೆ. ನಾನು ಸೊಸೆಯಾಗಿದ್ದಾಗ ಪಂಚಮಿ ಬಂದರೆ ನನ್ನ ಸೀರೆಯೆಲ್ಲ ಟ್ರಂಕಿನಲ್ಲಿ, ಕೀಲಿ ಅತ್ತೆಯ ಸೊಂಟದಲ್ಲಿ. ತವರಿಗೆ ಕರೆಯಲು ನಮ್ಮಣ್ಣ ಬಾಗಿಲಿಗೆ ಬಂದ ಮೇಲೆಯೇ ಟ್ರಂಕು ತೆಗೆಯುತ್ತಿದ್ದಳು.

"ಬ್ಯಾರೆಯವ್ರ ಅಣ್ಣ ಬಂದ್ರ?"

"ಚಾ ಕುಡಿಸಿ ಕಳಸ್ತಿದ್ಲು."

"ಬರೋಬ್ಬರಿ! ಕಡ್ಲಿ ಗಿಡದ ಬೇರ ಕರದ್ರ ಈ ಪ್ರೋಟೀನೂ ಏಳೂದಿಲ್ಲ."

ನಡುವಿನ ಸಾಲಿನ ಗಿಡ ಕಿತ್ತರೆ ಬೇರಿನ ತುಂಬ ಗಂಟು. ಒಂದನ್ನು ಉಗುರಿನಿಂದ ಒಡೆದಳು, ಒಳಗೆ ಕೆಂಪು. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥವಂತೆ. ಕುಣಿದಾಡಿದಳು. ಬದುವಿನ ಕಡೆಯದನ್ನು ಕಿತ್ತಳು. ಬೋಳು ಬೇರು. ಇನ್ನೊಂದು ಕಿತ್ತಳು. ಅದೂ ಬೋಳು. ಮುಖ ಸಣ್ಣದಾಯಿತು.

"ಪಾಕೀಟಿನ್ಯಾಗ ಅರ್ಧಾ ಪುಡಿ ಖೊಟ್ಟಿ ಇತ್ತೇನೋ. ಅರ್ಧಾ ಮಾರ್ಕ್ಸ್ ಹೋದ್ವು ನೋಡ."

ನಾನು ಸುಮ್ಮನಿದ್ದಿದ್ದರೆ ತಪ್ಪು ಪಾಕೀಟಿನ ಮೇಲೆ ಹೋಗುತ್ತಿತ್ತು.

"ಪಾಕೀಟ ಚಲೋ ಐತಿ. ಆ ಬೀಜ ನಾ ಬಿಸಲಿಗೆ ಇಟ್ಟಿದ್ನಿ."

ಕಣ್ಣು ಕಿಸಿದು ನೋಡಿದಳು. "ಬ್ಯಾಕ್ಟೀರಿಯಾ ಎಲ್ಲಾ ಕೊಂದಿ ಬೇ ಆಯಿ! ಅಣ್ಣ ಬಾಗಿಲಿಗೆ ಬಂದಾನ, ಮನ್ಯಾಗ ಯಾರೂ ಜೀವಂತ ಇಲ್ಲ!" ಬೈಯುತ್ತ ಬೈಯುತ್ತ ನಗು ತಡೆಯಲಾಗದೆ ಬದುವಿನ ಮೇಲೆ ಕುಳಿತಳು.

ಕಾಲೇಜಿಗೆ ಎರಡೂ ಸಾಲಿನ ಒಂದೊಂದು ಗಿಡ ಒಯ್ದಳು. ಒಂದಕ್ಕೆ "ನೆರಳು" ಎಂದು ಚೀಟಿ ಕಟ್ಟಿದ್ದಳು, ಇನ್ನೊಂದಕ್ಕೆ "ಆಯಿ". ಮಾರ್ಕ್ಸು ಚಲೋ ಬಿದ್ದವು. ಸರ್ ಹೆಚ್ಚು ಪ್ರಶ್ನೆ ಕೇಳಿದ್ದು ನನ್ನ ಗಿಡದ ಮೇಲೆಯೇ ಅಂತೆ.