ಗಾಡಿಗೆ ಲಂಗ ಹೊಲಿದವಳು

ಊರಿಗೆಲ್ಲ ಅವಳು ಟೈಲರಕ್ಕ. ನದಿ ಸಮುದ್ರ ಸೇರುವ ಕಡೆ, ಅಪಾಯದಲ್ಲಿ ಸಿಕ್ಕವರನ್ನು ಕಾಪಾಡುವ ರಕ್ಷಣಾ ಠಾಣೆಯ ಗೇಟಿನ ಎದುರಿಗೇ ಅವಳ ಅಂಗಡಿ. ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ದೋಣಿಯವರ ಟಾರ್ಪಾಲು, ಹೀಗೆ ಸೂಜಿ ಇಳಿಯುವ ಕೆಲಸ ಯಾವುದಾದರೂ ಸರಿ. ವಯಸ್ಸು ಮೂವತ್ತೈದು ದಾಟಿತ್ತು. ಮದುವೆಯ ಮಾತೆತ್ತಿ ನೆಂಟರ ಬಾಯಿ ಸೋತಿತ್ತು. ಅಮ್ಮನ ಬಾಯಿ ಮಾತ್ರ ಇನ್ನೂ ಸೋತಿರಲಿಲ್ಲ.

ಅಲ್ಲಿಯ ಸಮುದ್ರ ಇಳಿತದ ಹೊತ್ತಿಗೆ ಬಹಳ ದೂರ ಸರಿದು, ಕಣ್ಣು ಹಾಯುವವರೆಗೂ ಕೆಸರು ಬಿಟ್ಟುಹೋಗುತ್ತಿತ್ತು. ದೋಣಿ ಹೋಗಲು ನೀರು ಸಾಲದು, ಜೀಪು ಹೋಗಲು ನೆಲ ಗಟ್ಟಿಯಿಲ್ಲ. ಚಿಪ್ಪು ಆರಿಸಲು ಹೋದವರು ಆಗಾಗ ಸೊಂಟದವರೆಗೆ ಹೂತು ಸಿಕ್ಕಿಕೊಳ್ಳುತ್ತಿದ್ದರು. ಅಂಥವರನ್ನು ಎತ್ತಿ ತರಲೆಂದು ಸೈನ್ಯದವರು ತಮಗೆ ಹಳತಾದ ಒಂದು ಹೋವರ್‌ಕ್ರಾಫ್ಟನ್ನು ಠಾಣೆಗೆ ಕೊಟ್ಟರು. ಹೊಟ್ಟೆಯ ಕೆಳಗೆ ಫ್ಯಾನಿನಿಂದ ಗಾಳಿ ತುಂಬಿಕೊಂಡು, ಆ ಗಾಳಿಯ ಮೇಲೆ ತೇಲುತ್ತ, ನೀರೋ ಕೆಸರೋ ಮರಳೋ ನೋಡದೆ ಓಡುವ ಗಾಡಿ ಅದು. ಅದರ ಜೊತೆಗೆ ಅದನ್ನು ಓಡಿಸುವವನೂ ಬಂದ. ಸೈನ್ಯದಿಂದ ನಿವೃತ್ತನಾದವನು, ಒಂಟಿ, ಮಿತಭಾಷಿ.

ಒಂದು ದಿನ ಅವನು ಹರಿದ ರಬ್ಬರು ಬಟ್ಟೆಯ ತುಂಡೊಂದನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಗೆ ಬಂದ. ಗಾಳಿ ಸೋರದಂತೆ ಗಾಡಿಯ ಸುತ್ತ ಇಳಿಬಿಟ್ಟಿರುವ ಅಂಚಂತೆ. ಅದಕ್ಕೆ ಸ್ಕರ್ಟು ಎನ್ನುತ್ತಾರಂತೆ.

"ಸ್ಕರ್ಟು ಅಂದ್ರೆ ಲಂಗಾನಾ?" ಎಂದು ಅವಳು ಕೇಳಿದಳು.

"ಹೌದು, ಹಾಗೇ ಅನ್ನಬಹುದು," ಎಂದ ಅವನು ಗಂಭೀರವಾಗಿ.

"ಸೊಂಟದ ಅಳತೆ ತಂದಿದ್ದೀರಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕುಳಿತುಬಿಟ್ಟ.

ಮೊದಲ ಹೊಲಿಗೆ ನಿಲ್ಲಲಿಲ್ಲ. ಎರಡನೆಯದೂ ಬಿಚ್ಚಿತು. ಅವಳು ಹಟ ಹಿಡಿದು, ಚರ್ಮ ಹೊಲಿಯುವ ದೊಡ್ಡ ಮಷೀನು ತರಿಸಿ, ಮೇಣ ಸವರಿದ ದಾರದಲ್ಲಿ ಎರಡು ಸಾಲು ಹೊಲಿದು ಕೊಟ್ಟಳು. ಅದು ನಿಂತಿತು. ಆದರೂ ಅವನು ಬರುವುದು ನಿಲ್ಲಲಿಲ್ಲ. ವಾರವಾಯಿತೆಂದರೆ ಒಂದು ತುಂಡು ಹಿಡಿದು ಹಾಜರು.

"ಆ ಗಾಡಿ ಅಷ್ಟು ಹರ್ಕೊಳ್ಳುತ್ತಾ, ಇಲ್ಲ ಇವನೇ ಕೂತ್ಕೊಂಡು ಹರೀತಾನಾ?" ಎಂದು ಅಮ್ಮ ಕೇಳಿದ್ದು ಅವನ ಕಿವಿಗೂ ಬಿತ್ತು. ಮರುವಾರ ಬರಿಗೈಯಲ್ಲಿ ಬಂದು ಅಮ್ಮನ ಹತ್ತಿರವೇ ಮಾತಾಡಿದ. ಹೀಗೆ ಮದುವೆಯಾಯಿತು. ಲಂಗ ಹೊಲಿಸಲು ಬಂದವನು ಮಗಳನ್ನೇ ಒಯ್ದ ಎಂದು ಅಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಒಯ್ದದ್ದೇನೂ ಇಲ್ಲ, ಅಂಗಡಿಯ ಹಿಂದಿನ ಎರಡು ಕೋಣೆಗಳಿಗೆ ಅವನೇ ಪೆಟ್ಟಿಗೆ ಹೊತ್ತು ಬಂದ.

ವರ್ಷಗಳು ಚೆನ್ನಾಗಿಯೇ ಕಳೆದವು. ಆ ಗಾಡಿಯ ಎಂಜಿನ್ನಿನ ಅಬ್ಬರ ಮಾತ್ರ ಯಾರನ್ನೂ ಸುಮ್ಮನೆ ಬಿಡುವಂಥದ್ದಲ್ಲ. ಸೈನ್ಯದಲ್ಲಿದ್ದಾಗಿನಿಂದಲೂ ಅದು ಅವನ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿನ್ನುತ್ತ ಬಂದಿತ್ತು. ಅಮ್ಮ ಹಾಲು ಒಡೆದಿದೆ ಎಂದರೆ, ಬಾಗಿಲು ಹಾಕಿದ್ದೀನಿ ಅತ್ತೆ ಎನ್ನುತ್ತಿದ್ದ. ಅಳಿಯ ತಮಾಷೆ ಮಾಡುತ್ತಾನೆಂದು ಅಮ್ಮ ನಗುತ್ತಿದ್ದಳು. ಟೈಲರಕ್ಕನಿಗೆ ನಗು ಬರುತ್ತಿರಲಿಲ್ಲ. ತಾನು ಬೆನ್ನ ಹಿಂದಿನಿಂದ ಕರೆದಾಗ ಅವನು ತಿರುಗುವುದಿಲ್ಲ ಎಂಬುದನ್ನು ಅವಳು ಆಗಲೇ ಗಮನಿಸಿದ್ದಳು. ಬಾಯಿ ಬಿಟ್ಟು ಹೇಳಿದರೆ ಅವನ ಕೈಯಿಂದ ಗಾಡಿ ತಪ್ಪಿಹೋಗುತ್ತದೆ. ಅದಕ್ಕೇ ಸುಮ್ಮನಿದ್ದಳು.

ಒಂದು ಮುಂಜಾನೆ ಮಂಜು ದಟ್ಟವಾಗಿತ್ತು. ಚಿಪ್ಪು ಆರಿಸುವ ಮುದುಕನೊಬ್ಬ ಕೆಸರಿನಲ್ಲಿ ಸಿಕ್ಕಿಕೊಂಡಿದ್ದಾನೆಂದು ಸುದ್ದಿ ಬಂತು, ಉಬ್ಬರ ಏರತೊಡಗಿತ್ತು. ಅವನೂ, ಜೊತೆಗಾರ ದಢೂತಿ ಮೆಕ್ಯಾನಿಕ್ಕೂ ಗಾಡಿ ತೆಗೆದುಕೊಂಡು ಹೋದರು. ಕಣ್ಣಿಗೆ ಏನೂ ಕಾಣದ್ದರಿಂದ ಎಂಜಿನ್ ನಿಲ್ಲಿಸಿ ಕೂಗಿಗೆ ಕಿವಿಗೊಟ್ಟರು. ಅವನು ಬಲಕ್ಕೆ ಹೋಗೋಣ ಎಂದ. ಮೆಕ್ಯಾನಿಕ್ ಅವನ ತೋಳು ಹಿಡಿದು ಎಡಕ್ಕೆ ತೋರಿಸಿದ. ಮುದುಕ ಅಲ್ಲೇ, ಕಲ್ಲೆಸೆದರೆ ತಾಗುವಷ್ಟು ಹತ್ತಿರದಲ್ಲಿದ್ದ. ನೀರು ಎದೆಗೆ ಬಂದಿತ್ತು. ಇಬ್ಬರೂ ಸೇರಿ ಎಳೆದು ಹಾಕಿಕೊಂಡು ಬಂದರು, ಮುದುಕ ಬದುಕಿದ.

ಮನೆಗೆ ಬಂದವನು ಬೂಟನ್ನೂ ಕಳಚದೆ ಹೊಲಿಗೆ ಮಷೀನಿನ ಪಕ್ಕ ಕುಳಿತ.

"ಆತ ಕೂಗ್ತಾನೇ ಇದ್ದನಂತೆ ಕಣೆ. ನನಗೆ ಕೇಳಿಸ್ಲಿಲ್ಲ. ನಿಂಗೆ ಮೊದಲೇ ಗೊತ್ತಿತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು. "ನೀವೇ ಹೇಳ್ತೀರ ಅಂತ ಕಾಯ್ತಿದ್ದೆ."

"ನಾನು ಇನ್ನು ಓಡಿಸೋದಿಲ್ಲ," ಎಂದ. ಅವಳು ಬಗ್ಗಿ ಅವನ ಬೂಟಿನ ದಾರ ಬಿಚ್ಚಿದಳು. ಕೆಸರು ಒಣಗಿ ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಇದ್ದ.

ಆಮೇಲೆ ಅವನು ಅಂಗಡಿಯಲ್ಲೇ ಕೆಲಸಕ್ಕೆ ಕುಳಿತ. ಅವಳು ಹೊಲಿಯುವಾಗ ಭಾರದ ರಬ್ಬರು ಬಟ್ಟೆಯನ್ನು ಆ ಕಡೆಯಿಂದ ಎತ್ತಿ ಹಿಡಿಯುತ್ತಿದ್ದ. ಕೆಲಸವೇನೋ ಸಾಗುತ್ತಿತ್ತು, ಮಾತು ಸಾಗುತ್ತಿರಲಿಲ್ಲ. ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದದ್ದಾಯಿತು. ಹೊಲಿಗೆ ಮಷೀನಿನ ಸದ್ದೇ ಅದರಲ್ಲಿ ಗುಡುಗಿನ ಹಾಗೆ ಕೇಳುತ್ತದೆಂದು ತೆಗೆದಿಟ್ಟ. ಅವಳು ಕೂಗಿ ಹೇಳಬೇಕಾಯಿತು. ಚಹಾ ಬೇಕಾ ಎಂದು ಕೇಳಿದರೂ ಜಗಳದಂತೆ ಕೇಳಿಸುತ್ತಿತ್ತು. ಗಂಡಹೆಂಡಿರಿಗೆ ಸರಿಹೋಗುತ್ತಿಲ್ಲವೆಂದು ಓಣಿಯವರು ಅಂದುಕೊಂಡರು. ಅವಳಿಗೆ ಅದರ ಚಿಂತೆಯಿರಲಿಲ್ಲ. ಮೆಲ್ಲಗೆ ಹೇಳಬೇಕಾದ ಮಾತುಗಳೂ ಇರುತ್ತವಲ್ಲ, ಅವನ್ನು ಕೂಗಿ ಹೇಳುವುದು ಹೇಗೆ ಎಂಬುದೇ ಅವಳ ಸಂಕಟ. ಬರಬರುತ್ತ ಅಂಥ ಮಾತುಗಳನ್ನು ಹೇಳುವುದನ್ನೇ ಬಿಟ್ಟಳು.

ಗಾಡಿಗೆ ಪೂರ್ತಿ ಹೊಸ ಲಂಗ ಕೂರಿಸಿದ ದಿನ, ಈಗ ಚಾಲಕನಾಗಿದ್ದ ಮೆಕ್ಯಾನಿಕ್ ಬಂದು, ಪರೀಕ್ಷೆಗೆ ಒಂದು ಸುತ್ತು ಹೋಗುತ್ತೇವೆ, ಹೊಲಿದವರೇ ಕೂರದಿದ್ದರೆ ಹೇಗೆ ಎಂದು ಪಟ್ಟು ಹಿಡಿದ. ಅಷ್ಟು ವರ್ಷವೂ ಅವಳು ಅದನ್ನು ಹತ್ತಿರಲಿಲ್ಲ, ನೀರೆಂದರೆ ಭಯ. ಗಂಡನ ತೋಳು ಹಿಡಿದುಕೊಂಡು ಹತ್ತಿದಳು.

ಗಾಡಿ ಗಾಳಿ ತುಂಬಿಕೊಂಡು ಮೆಲ್ಲಗೆ ಮೇಲೆದ್ದಿತು. ಕೆಸರು ದಾಟಿ ನೀರಿಗಿಳಿದದ್ದು ತಿಳಿಯಲೇ ಇಲ್ಲ. ಆ ಅಬ್ಬರದಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಮೆಕ್ಯಾನಿಕ್ ಕೈಯಲ್ಲೇ ಮಾತಾಡುತ್ತಿದ್ದ, ಗಾಡಿಯವರೆಲ್ಲ ಬಳಸುವ ಸಂಜ್ಞೆಗಳು ಅವು. ಬೆರಳು ಸುತ್ತಿಸಿದರೆ ಶುರು ಮಾಡು, ಅಂಗೈ ಕೆಳಗೊತ್ತಿದರೆ ಇಳಿಸು, ಮುಷ್ಟಿ ಎತ್ತಿದರೆ ನಿಲ್ಲಿಸು. ಅವಳ ಗಂಡ ಕೂಡಲೇ ಕೈಯಲ್ಲೇ ಉತ್ತರ ಕೊಡುತ್ತಿದ್ದ, ನಡುವೆ ಏನೋ ತಮಾಷೆಯನ್ನೂ ಮಾಡಿದ. ಇಬ್ಬರೂ ನಕ್ಕರು. ಅವನು ಹಾಗೆ ತಡವರಿಸದೆ ಮಾತಾಡಿದ್ದನ್ನು ಅವಳು ನೋಡಿ ಎಷ್ಟೋ ದಿನಗಳಾಗಿದ್ದವು.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ನಿಂತು ಅವಳು ಗಂಡನತ್ತ ಬೆರಳು ಸುತ್ತಿಸಿ ತೋರಿಸಿದಳು. ಅವನು ಒಂದು ಗಳಿಗೆ ಅವಳನ್ನೇ ನೋಡಿ, ಎದ್ದು ಬಂದು ಒಲೆ ಹಚ್ಚಿದ. ಚಹಾ ಉಕ್ಕುವ ಹೊತ್ತಿಗೆ ಅಂಗೈ ಕೆಳಗೊತ್ತಿದಳು, ಇಳಿಸಿದ.

ಗಾಡಿಯ ಸಂಜ್ಞೆಗಳು ಸಂಸಾರಕ್ಕೆಲ್ಲಿ ಸಾಕಾಗುತ್ತವೆ? ಹೊಸವನ್ನು ತಾವೇ ಕಟ್ಟಿಕೊಂಡರು. ದಾರಕ್ಕೊಂದು, ಕತ್ತರಿಗೊಂದು, ಹಸಿವಿಗೊಂದು. ಅಮ್ಮನ ಮಾತು ನಿಲ್ಲದಿದ್ದಾಗ ಅಳಿಯ ಅಂಗೈ ಕೆಳಗೊತ್ತುತ್ತಿದ್ದ. "ಇವನಿಗೆ ಕಿವಿ ಕೇಳಲ್ಲ ಅಂದವರು ಯಾರು?" ಎಂದು ಅಮ್ಮ ಗೊಣಗುತ್ತಿದ್ದಳು.

ಮೆಲ್ಲಗೆ ಹೇಳುವ ಮಾತಿಗೆಂದು ಕಟ್ಟಿಕೊಂಡ ಒಂದು ಸಂಜ್ಞೆ ಮಾತ್ರ ಅಮ್ಮನಿಗೆ ಕೊನೆಗೂ ತಿಳಿಯಲಿಲ್ಲ. ಹೊಲಿಯುವಾಗ ಟೈಲರಕ್ಕ ಒಮ್ಮೊಮ್ಮೆ ತಲೆಯೆತ್ತಿ, ಎರಡು ಬೆರಳಿಂದ ತನ್ನ ಮಣಿಕಟ್ಟು ತಟ್ಟುತ್ತಿದ್ದಳು. ಬಟ್ಟೆ ಹಿಡಿದ ಅವನು ತಲೆ ತಗ್ಗಿಸಿ ನಗುತ್ತಿದ್ದ. ಏನಂದೆಯೇ ಎಂದು ಅಮ್ಮ ಕೇಳಿದರೆ, ಬಟ್ಟೆ ಬಿಗಿಯಾಗಿ ಹಿಡೀರಿ ಅಂದೆ ಎನ್ನುತ್ತಿದ್ದಳು.