ಮಗಳಿಗೆ ಕೊಟ್ಟ ವೀಳ್ಯ

ನಮ್ಮ ಸಂಗೀತ ಸಭೆ ಎಂದಕೂಡಲೇ ಯಾರೂ ದೊಡ್ಡದಾಗಿ ಏನೋ ಊಹಿಸಿಕೊಳ್ಳಬಾರದು. ಹೊಳೆನರಸೀಪುರದ ಒಂದಷ್ಟು ನಿವೃತ್ತ ಮೇಷ್ಟ್ರುಗಳು, ಇಬ್ಬರು ಅಂಗಡಿಯವರು, ಒಬ್ಬ ಹಲ್ಲಿನ ಡಾಕ್ಟರು ಮತ್ತು ನಾನು, ಇಷ್ಟೇ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಮುತ್ತ ಸಂಗೀತ ಕಲಿಸುತ್ತ, ನುಡಿಸುತ್ತ ಬಾಳಿದವರನ್ನು ವರ್ಷಕ್ಕೊಮ್ಮೆ ಕರೆದು ಶಾಲು ಹೊದಿಸುತ್ತೇವೆ. ಆಮೇಲೆ ಒಂದು ಊಟ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನನಗೆ ಸ್ವರಜ್ಞಾನ ಅಷ್ಟಕ್ಕಷ್ಟೇ. ಬಾಯಿ ಜೋರಿದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ.

ಹೋದ ವರ್ಷ ಅರಕಲಗೂಡಿನ ವೀಣೆ ಟೀಚರೊಬ್ಬರ ಹೆಸರನ್ನು ಎಲ್ಲರೂ ತಕ್ಷಣ ಒಪ್ಪಿದರು. ಇನ್ನೊಬ್ಬರು ಯಾರು ಎಂದಾಗ ನಾನು ನಮ್ಮೂರ ವಾಲಗದ ಯಜಮಾನರ ಹೆಸರು ಹೇಳಿದೆ. ಅಲ್ಲಿದ್ದವರಿಗೆಲ್ಲ ಒಟ್ಟಿಗೆ ಕೆಮ್ಮು ಬಂತು.

"ಅಲ್ಲಾ ಮೇಡಂ, ಅವ್ರು ವಾಲಗದೋರು. ನಾವು ಮಾಡ್ತಿರೋದು ಸಂಗೀತಗಾರರಿಗೆ..." ಎಂದು ಅಧ್ಯಕ್ಷರು ರಾಗ ಎಳೆದರು.

"ನಿಮ್ಮ ಮದುವೇಲಿ ಅವ್ರು ಊದಿದ್ದು ಏನು ಸಾರ್? ಸೈಕಲ್ ಪಂಪಾ?" ಎಂದೆ.

ಡಾಕ್ಟರು ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಹೆಸರು ಪಾಸಾಯಿತು.

ನಿಜ ಹೇಳಬೇಕೆಂದರೆ ಈ ಊರಿನ ಕಿವಿಗೆ ರಾಗ ಎಂಬುದನ್ನು ಮೊದಲು ಮುಟ್ಟಿಸಿದವರು ಅವರೇ. ನಮ್ಮ ಮನೆಗಳಲ್ಲಿ ಎಷ್ಟು ಜನ ಕಛೇರಿಗೆ ಟಿಕೆಟು ಕೊಂಡು ಹೋಗಿದ್ದಾರೆ? ಮದುವೆ ಮನೆಯಲ್ಲಿ ಜಮಖಾನದ ಮೇಲೆ ಉರುಳಾಡುತ್ತ, ಕೋಸಂಬರಿ ತಿನ್ನುತ್ತ ಕೇಳಿದ ನಾಗಸ್ವರವೇ ನಮ್ಮ ಸಂಗೀತ ಪಾಠ. ಕಲಿಸಿದವರಿಗೂ ಅದು ಪಾಠವೆಂದು ಗೊತ್ತಿರಲಿಲ್ಲ, ಕಲಿತವರಿಗೂ ಗೊತ್ತಿರಲಿಲ್ಲ. ಈಚೆಗೆ ಯಜಮಾನರಿಗೆ ಉಬ್ಬಸ ಬಂದು ವಾದ್ಯ ಗೋಡೆ ಸೇರಿತ್ತು. ಅವರ ಭಾವಮೈದುನ ಮಾತ್ರ ಕರೆದವರ ಜೊತೆ ಡೋಲು ಬಾರಿಸಲು ಹೋಗುತ್ತಿದ್ದರು.

ವಿಷಯ ತಿಳಿಸಲು ಅವರ ಮನೆಗೆ ಹೋದಾಗ ಯಜಮಾನರು ಬಹಳ ಖುಷಿಪಟ್ಟರು. ಖುಷಿಯ ನಡುವೆಯೇ ಒಂದು ಪ್ರಶ್ನೆ ಕೇಳಿದರು: "ಅದ್ಸರಿ ಮೇಡಮ್ಮಾರೇ, ಅವತ್ತು ವಾಲಗ ಯಾರ್ದು?"

ನಮ್ಮ ಸಭೆಯಲ್ಲಿ ಶಾಲು ಹೊದಿಸುವ ಹೊತ್ತಿಗೆ ಅಧ್ಯಕ್ಷರು ಮದುವೆಯ ಪುರೋಹಿತರ ಹಾಗೆ "ಗಟ್ಟಿಮೇಳ" ಎಂದು ಕೂಗುವುದು, ಆಗ ವಾಲಗ ಮೊಳಗುವುದು ಮೊದಲಿನಿಂದ ಬಂದ ಪದ್ಧತಿ. ಹಿಂದಿನ ವರ್ಷದವರೆಗೂ ವೇದಿಕೆಯ ಕೆಳಗೆ ಕೂತು ಅದನ್ನು ಮೊಳಗಿಸುತ್ತಿದ್ದವರು ಇದೇ ಯಜಮಾನರು. ಅವರನ್ನು ಮೇಲೆ ಕೂರಿಸಿದರೆ ಕೆಳಗೆ ಯಾರು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಸನ್ಮಾನದ ದಿನವೇ ಒಳ್ಳೆಯ ಲಗ್ನ ಬೇರೆ ಇತ್ತು. ಹಾಸನದಿಂದ ದುದ್ದದವರೆಗೆ ಗೊತ್ತಿದ್ದ ವಾಲಗದವರೆಲ್ಲ ಛತ್ರಗಳಿಗೆ ಒಪ್ಪಿಕೊಂಡಾಗಿತ್ತು. ಅಧ್ಯಕ್ಷರು ಸಲೀಸಾಗಿ ಹೇಳಿದರು: "ಪೆನ್‌ಡ್ರೈವ್‌ನಲ್ಲಿ ಹಾಕೋಣ ಬಿಡಿ ಮೇಡಂ. ಈಗ ಎಲ್ಲ ಮದುವೇಲೂ ಅದೇ."

ಆ ಮಾತನ್ನು ಯಜಮಾನರಿಗೆ ಮುಟ್ಟಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ವಾಲಗ ಇಲ್ದೆ ಹೊದಿಸ್ಕಳಕ್ಕೆ ನಾನೇನು ಹೆಣವಾ? ನಂಗೆ ಬ್ಯಾಡ ಬುಡಿ ಸನ್ಮಾನ" ಎಂದು ಮೆಲ್ಲಗೆ ಹೇಳಿ ಗೋಡೆ ಕಡೆ ತಿರುಗಿದರು. ನಾನು ಎದ್ದು ಬರುವಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು: "ಬಾಗೂರಲ್ಲಿ ಒಬ್ಳವಳಲ್ಲಾ, ಅದ್ಯಾಕೆ ಬಾಯಿ ಬುಡಕಿಲ್ಲ ನೀವು?"

ಬಾಗೂರಿನಲ್ಲಿ ಇದ್ದವಳು ಅವರ ಒಬ್ಬಳೇ ಮಗಳು. ಹಸು ಕಟ್ಟಿ ಡೇರಿಗೆ ಹಾಲು ಹಾಕುವವಳೆಂದಷ್ಟೇ ನನಗೆ ಗೊತ್ತಿತ್ತು. ಯಜಮಾನರು ತಲೆ ತಗ್ಗಿಸಿಕೊಂಡು ಉಳಿದದ್ದನ್ನು ಹೇಳಿದರು. ಗಂಡುಮಗು ಹುಟ್ಟಲಿಲ್ಲವೆಂದು ಇದ್ದವಳಿಗೇ ಹಿತ್ತಲ ಕೊಟ್ಟಿಗೆಯಲ್ಲಿ ಕೂರಿಸಿಕೊಂಡು ನಾಗಸ್ವರ ಕಲಿಸಿದರಂತೆ. ತಮಗೆ ಬಂದದ್ದೆಲ್ಲ ಅವಳಿಗೂ ಬರುತ್ತದಂತೆ. ಆದರೆ ಒಂದು ಮದುವೆಗೂ ಕರೆದೊಯ್ದವರಲ್ಲ. "ಎಣ್ಮಗ ವಾಲಗಕ್ಕೆ ಕೂತ್ರೆ ಜನ ಏನಂದಾರು, ಯಾರು ಕಟ್ಕಂಡಾರು ಅಂತ ಎದ್ರುಕಂಡೆ ಕಣಮ್ಮ" ಎಂದರು. ಕೇಳಿ ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಮಗಳಿಗೆ ವಿದ್ಯೆ ಕೊಟ್ಟು ಬಾಯಿಗೆ ಬೀಗ ಹಾಕಿದ ಗುರುವನ್ನು ನಾವು ಸನ್ಮಾನಿಸಲು ಹೊರಟಿದ್ದೆವು.

ಅಲ್ಲಿಂದಲೇ ಬಾಗೂರಿಗೆ ಫೋನು ಮಾಡಿದೆ. ಮಗಳು ಎಲ್ಲವನ್ನೂ ಕೇಳಿಸಿಕೊಂಡಳು.

"ವಾಲಗದೋರ್ನ ಫೋನಲ್ಲಿ ಕರೀತಾರಾ ಮೇಡಂ? ವೀಳ್ಯ ಕೊಡ್ಬೇಕಲ್ವಾ?"

ಅದು ಸರಿಯಾದ ಮಾತೇ. ನಮ್ಮ ಕಡೆ ಶುಭಕಾರ್ಯ ಮಾಡುವ ಮನೆಯ ಹಿರಿಯರು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಹಿಡಿದು ವಾಲಗದವರ ಬಾಗಿಲಿಗೇ ಹೋಗಿ ಕೊಡಬೇಕು. ವೀಳ್ಯ ತೆಗೆದುಕೊಂಡರೆ ಬರುತ್ತೇವೆಂದು ಮಾತು ಕೊಟ್ಟಂತೆ. "ಅದಕ್ಕೇನಮ್ಮ, ನಾನೇ ತರ್ತೀನಿ" ಎಂದೆ.

"ನೀವಲ್ಲ ಮೇಡಂ. ಕಾರ್ಯ ಯಾರ್ ಮನೇದು? ಆ ಮನೆ ಯಜಮಾನ್ರು ತರ್ಲಿ." ಫೋನು ಇಟ್ಟುಬಿಟ್ಟಳು.

ಮಾತು ಯಜಮಾನರಿಗೂ ಕೇಳಿಸಿತ್ತು. "ಎತ್ತ ಮಗ್ಳಿಗೆ ವೀಳ್ಯ ಕೊಡದಾ? ಎಲ್ಲಾರಾ ಉಂಟಾ?" ಎಂದು ಗದರಿದರು. ಗದರಿದ ರಭಸಕ್ಕೆ ಕೆಮ್ಮು ಹತ್ತಿಕೊಂಡು ಮುಂದಿನ ಮಾತು ನಿಂತುಹೋಯಿತು. ನಾನು ಸನ್ಮಾನದ ಆಸೆ ಬಿಟ್ಟು ಮನೆಗೆ ಬಂದೆ. ಮಾರನೆಯ ಬೆಳಗ್ಗೆ ಅವರೇ ಫೋನು ಮಾಡಿ, "ಬಸ್‌ಸ್ಟಾಂಡಿಗೆ ಬನ್ನಿ ಮೇಡಮ್ಮಾರೇ, ಒಬ್ನೇ ಓಗಕ್ಕೆ ಒಂಥರಾ ಆಯ್ತದೆ" ಎಂದರು. ಹೋದರೆ ಒಗೆದ ಬಿಳಿ ಅಂಗಿ ತೊಟ್ಟು, ಕೈಚೀಲ ಎದೆಗವಚಿಕೊಂಡು ನಿಂತಿದ್ದರು. ಚೀಲದಲ್ಲಿ ವೀಳ್ಯದೆಲೆಯ ಜೊತೆ ಹಿತ್ತಾಳೆ ತಟ್ಟೆಯೂ ಇತ್ತು.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಬಾಗೂರು ಮುಟ್ಟಿದೆವು. ಮಗಳು ಮನೆ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನಮ್ಮನ್ನು ಕಂಡವಳು ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಹೊಸ್ತಿಲೊಳಗೆ ನಿಂತಳು. ಬನ್ನಿ ಎನ್ನಲಿಲ್ಲ. ಯಜಮಾನರು ಜಗಲಿಯ ಮೇಲೆ ತಟ್ಟೆ ಇಟ್ಟು ಎಲೆ, ಅಡಿಕೆ, ಕಾಯಿ ಜೋಡಿಸಿದರು. ಆಮೇಲೆ ನೆಟ್ಟಗೆ ನಿಂತು ಎರಡೂ ಕೈಗಳನ್ನು ಬೊಗಸೆ ಮಾಡಿ ಮಗಳ ಮುಂದೆ ಒಡ್ಡಿದರು.

ಮಗಳೂ ಬೊಗಸೆ ಒಡ್ಡಿದಳು. ತಟ್ಟೆ ಜಗಲಿಯ ಮೇಲೇ ಇತ್ತು. ಇಬ್ಬರೂ ಹಾಗೇ ನಿಂತರು. ನನಗೆ ನಗು ಉಕ್ಕಿ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಅಪ್ಪಾ, ಈಸ್ಕಳದಲ್ಲ, ಕೊಡದು" ಎಂದಳು ಮಗಳು.

ಯಜಮಾನರು ತಮ್ಮ ಕೈಗಳನ್ನೇ ನೋಡಿಕೊಂಡರು. "ಈಸ್ಕಂಡೇ ರೂಢಿ ಕಣ್ ಮಗಾ. ಕೊಟ್ಟು ಗೊತ್ತಿಲ್ಲ" ಎಂದರು.

ಅವರು ತಟ್ಟೆ ಎತ್ತಿ ಮಗಳ ಮುಂದೆ ಹಿಡಿದರು. ಮದುವೆ ಮನೆಯವರು ತಮ್ಮ ಬಾಗಿಲಿಗೆ ಬಂದು ಹೇಳುತ್ತಿದ್ದ ಮಾತನ್ನೇ ಹೇಳಿದರು: "ನಮ್ಮನೆ ಕಾರ್ಯ. ಬಂದು ನಡುಸ್ಕೊಡವ್ವಾ." ನನ್ನ ನಗು ಎಲ್ಲಿ ಹೋಯಿತೋ, ಕಣ್ಣು ತುಂಬಿಬಂತು. ಮಗಳು ವೀಳ್ಯವನ್ನು ಕಣ್ಣಿಗೊತ್ತಿಕೊಂಡು, "ಒಳಿಕ್ ಬನ್ನಿ, ಕಾಫಿ ಮಡುಗ್ತೀನಿ" ಎಂದಳು.

ಸನ್ಮಾನದ ದಿನ ಫ್ಲೆಕ್ಸಿನವನು ಯಜಮಾನರ ಫೋಟೋ ಪಕ್ಕ ನಾಗಸ್ವರದ ಬದಲು ಸ್ಯಾಕ್ಸೋಫೋನಿನ ಚಿತ್ರ ಹಾಕಿ ತಂದಿದ್ದ. ಅದಕ್ಕೆ ಸೇವಂತಿಗೆ ಹಾರ ಇಳಿಬಿಟ್ಟು ಮುಚ್ಚಿದೆವು. ವೇದಿಕೆಯ ಕೆಳಗೆ ಡೋಲಿನ ಮಾವನ ಪಕ್ಕ ಮಗಳು ಕೂತಾಗ ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಶಾಲು ಬಿಡಿಸಿ "ಗಟ್ಟಿಮೇಳ" ಎಂದರು. ಅವಳು ಊದಿದಳು.

ಹೇಗಿತ್ತು ಎಂದು ಬರೆಯುವ ಶಕ್ತಿ ನನಗಿಲ್ಲ. ಮೊಬೈಲು ನೋಡುತ್ತಿದ್ದವರು ತಲೆ ಎತ್ತಿದರು, ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು. ಶಾಲು ಹೊದ್ದು ಕೂತಿದ್ದ ಯಜಮಾನರ ಕೆನ್ನೆಗಳು ಅವರಿಗೇ ಗೊತ್ತಿಲ್ಲದ ಹಾಗೆ ಮಗಳ ಕೆನ್ನೆಯ ಜೊತೆಯಲ್ಲೇ ಉಬ್ಬುತ್ತಿದ್ದವು. ಮುಗಿಯುತ್ತಲೇ ವೀಣೆ ಟೀಚರು ಕುರ್ಚಿಯಿಂದ ಬಗ್ಗಿ, ಸಂಗೀತದವರು ಮೊದಲು ಕೇಳುವುದನ್ನೇ ಕೇಳಿದರು: "ಯಾರ ಪಾಠಮ್ಮ ನಿಂದು?"

ಮೈಕು ಹತ್ತಿರವೇ ಇದ್ದುದರಿಂದ ಅದು ಎಲ್ಲರಿಗೂ ಕೇಳಿಸಿತು. ಮಗಳು ಅಪ್ಪನ ಮುಖ ನೋಡಿದಳು. ಈಗಲೂ ಆ ಮನುಷ್ಯ ಬಾಯಿ ಬಿಡದಿದ್ದರೆ ನಾನೇ ಹೋಗಿ ಶಾಲು ಕಿತ್ತುಕೊಂಡು ಬರಬೇಕೆಂದಿದ್ದೆ.

ಯಜಮಾನರು ಎದ್ದು ಮೈಕು ಹಿಡಿದರು. "ನನ್ ಮಗಳು ಕಣ್ರಮ್ಮ ಅವ್ಳು. ಕಲ್ಸಿದ್ದು ನಾನು. ಕೊಟ್ಟಿಗೇಲಿ ಮುಚ್ಚಿಟ್ಟಿದ್ದೂ ನಾನೇಯಾ. ಇನ್ಮ್ಯಾಕೆ ನಿಮ್ಮ ಮನೆ ಕಾರ್ಯಕ್ಕೆ ವಾಲಗ ಬೇಕಂದ್ರೆ ಬಾಗೂರಿಗೋಗಿ ಅವ್ಳ ಕೈಗೆ ವೀಳ್ಯ ಕೊಡಿ" ಎಂದು ಹೇಳಿ ಕೂತರು. ಚಪ್ಪಾಳೆ ಬಹಳ ಹೊತ್ತು ಮೊಳಗಿತು.

ಊಟದ ಗದ್ದಲದಲ್ಲಿ ಅವಳನ್ನು ಹುಡುಕಿಕೊಂಡು ವೇದಿಕೆಯ ಹಿಂದಕ್ಕೆ ಹೋದೆ. ಒಬ್ಬಳೇ ಕೂತು ನಾಗಸ್ವರವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. "ಗೆದ್ದೆ ಕಣಮ್ಮ! ಅಷ್ಟು ಜನದ ಮುಂದೆ ನಿಮ್ಮಪ್ಪನ ಬಾಯಲ್ಲೇ ಹೇಳಿಸಿಬಿಟ್ಟೆ" ಎಂದೆ.

"ಊಂ ಮೇಡಂ. ಅಷ್ಟು ಜನದ ಮುಂದೆ ಹೇಳಿದ್ರು" ಎಂದಳು. ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಆದ್ರೆ ನಾಗಸ್ವರ ಜೋಡೀಲಿ ಊದ್ಬೇಕು ಮೇಡಂ, ಒಬ್ರು ಉಸ್ರು ತಗಳೋವಾಗ ಇನ್ನೊಬ್ರು ಸ್ವರ ಇಡ್ಕಬೇಕು. ಅಪ್ಪಂಗೆ ದಮ್ಮಿದ್ದಾಗ ಪಕ್ಕದಲ್ಲಿ ಕೂರುಸ್ಕಳ್ಲಿಲ್ಲ. ಇನ್ನ ಅದು ಆಗಕಿಲ್ಲ."